ಹೊಸ್ತಿಲಿನ ಅರಿಸಿನ

ಶ್ರಾವಣದ ಶುಕ್ರವಾರ ಹೊಸ್ತಿಲಿಗೆ ಅರಿಸಿನ ಹಚ್ಚದೆ ರತ್ನಾ ಒಂದು ಲೋಟ ಕಾಫಿ ಕುಡಿದವಳಲ್ಲ. ಆ ದಿನ ನಾಗಸಾಕಿಯ ಹೋಟೆಲಿನಲ್ಲಿ ಎದ್ದು ಸ್ನಾನ ಮುಗಿಸಿ, ಕೋಣೆಯ ಬಾಗಿಲ ಬುಡದಲ್ಲಿ ಬಗ್ಗಿ ನೋಡಿದಳು. ಒಂದು ತಗಡಿನ ಪಟ್ಟಿ, ಅದರ ಎರಡೂ ಕಡೆ ಕಂಬಳಿಯಂಥ ಹಾಸು. ಅಷ್ಟೇ.

"ಇದೂ ಒಂದು ಬಾಗಿಲಾ?" ಅಂದಳು.

"ಅಕ್ಕಾ, ಕಾಫಿ ಕುಡಿ. ಬಿಸಿಲಲ್ಲಿ ತುಂಬಾ ನಡೀಬೇಕು," ಅಂದ ತಮ್ಮ ರಾಘವ.

"ನೀನು ಕುಡಿ. ನಿನಗೆ ಹೊಸ್ತಿಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ತಮ್ಮನ ಮನೆಯಲ್ಲೂ ಇದೇ ಗೋಳು. ಹಿರೋಷಿಮಾದ ಆ ಬಾಡಿಗೆ ಮನೆಗೆ ಬಂದು ಅವಳಿಗೆ ಐದು ವಾರವಾಗಿತ್ತು. ಬಾಗಿಲು ತೆಗೆದರೆ ಚಪ್ಪಲಿ ಬಿಡುವ ತಗ್ಗು, ಅದರಾಚೆ ಒಂದು ಮೆಟ್ಟಿಲು, ಮೆಟ್ಟಿಲ ಮೇಲೆ ನುಣ್ಣನೆಯ ಹಲಗೆ ನೆಲ. ಹೊಸ್ತಿಲೆಂಬುದೇ ಇಲ್ಲ. ಬಂದ ವಾರವೇ ಆ ಮೆಟ್ಟಿಲಿಗೆ ಹಚ್ಚೋಣವೆಂದು ಅರಿಸಿನ ಕಲಸಿಕೊಂಡು ಹೋದಾಗ ತಮ್ಮನ ಹೆಂಡತಿ ನೇಹಾ ಓಡಿ ಬಂದು ಕೈ ಹಿಡಿದಿದ್ದಳು. "ಅತ್ತಿಗೆ, ಪ್ಲೀಸ್, ಬೇಡ. ಕಲೆ ಆದ್ರೆ ಮನೆ ಓನರ್ ಸುಮ್ಮನೆ ಬಿಡಲ್ಲ." ಆ ದಿನ ರತ್ನಾ ಕಲಸಿದ ಅರಿಸಿನವನ್ನು ತನ್ನ ಮುಖಕ್ಕೇ ಹಚ್ಚಿಕೊಂಡು ಸಂಜೆಯವರೆಗೆ ಯಾರೊಂದಿಗೂ ಮಾತಾಡಿರಲಿಲ್ಲ.

ರತ್ನಾಳಿಗೆ ಐವತ್ತೊಂದು. ತುರುವೇಕೆರೆಯಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ರಾಗಿ, ಜೋಳ, ಮೆಣಸಿನಕಾಯಿ, ಅರಿಸಿನದ ಕೊಂಬು, ಎಲ್ಲ ಬೀಸಿಕೊಡುತ್ತಿದ್ದಳು. ಇಪ್ಪತ್ತಾರು ವರ್ಷ ಮೋಟರಿನ ಸದ್ದಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವಳಿಗೆ ಮರೆತುಹೋಗಿತ್ತು. ಸಿಟ್ಟು ಮಾತ್ರ ಗಿರಣಿಗಿಂತ ಹಳೆಯದು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡಳು. ಪುಸ್ತಕದ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿ, ಒಂದೂವರೆ ವರ್ಷದ ರಾಘವನನ್ನು ಸೊಂಟಕ್ಕೆ ಏರಿಸಿಕೊಂಡಿದ್ದೇ, ಆಮೇಲೆ ಆ ಚೀಲ ಇಳಿಸಲಿಲ್ಲ.

ಸೊಂಟದ ಮೇಲಿದ್ದ ಆ ಮಗು ಈಗ ಹಿರೋಷಿಮಾದ ಕಾರಿನ ಕಾರ್ಖಾನೆಯೊಂದರಲ್ಲಿ ಬ್ರೇಕು ಪರೀಕ್ಷಿಸುವ ಕೆಲಸದಲ್ಲಿದ್ದ. ಬಂದು ಹನ್ನೊಂದು ವರ್ಷ. ನೇಹಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ಪ್ರಯೋಗಾಲಯದಲ್ಲಿ ಕೆಲಸ ಹಿಡಿದವಳು. ಇಬ್ಬರೂ ಏಪ್ರಿಲಿನಲ್ಲಿ, ಈ ದೇಶದಲ್ಲಿ ಶಾಶ್ವತವಾಗಿ ಇರಲು ಅನುಮತಿ ಕೋರಿ ಅರ್ಜಿ ಹಾಕಿದ್ದರು. ರಾಘವನ ಕಂಪನಿಯ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಆ ಕಾಗದ ಕೈಗೆ ಬರದಿದ್ದರೆ ಹನ್ನೊಂದು ವರ್ಷದ ಬಾಳನ್ನು ಪೆಟ್ಟಿಗೆಗೆ ತುಂಬಬೇಕು. ಅದಕ್ಕೇ ಅವನು ರಸ್ತೆಯಲ್ಲಿ ಒಂದು ಸೈಕಲ್ಲೂ ಬಾರದಿದ್ದರೂ ಕೆಂಪು ದೀಪ ಕಂಡರೆ ಕಲ್ಲಾಗಿ ನಿಲ್ಲುತ್ತಿದ್ದ. "ಒಂದು ಚಿಕ್ಕ ಕಂಪ್ಲೇಂಟ್ ಕೂಡ ಇರಬಾರದು ಅಕ್ಕ. ಪೊಲೀಸ್ ಅನ್ನೋ ಮಾತೇ ನಮ್ಮ ಫೈಲಿಗೆ ಬರಬಾರದು," ಎಂದು ಅವಳು ವಿಮಾನ ಇಳಿದ ದಿನವೇ ಹೇಳಿದ್ದ.

ಆ ಬೆಳಿಗ್ಗೆ ಅವಳು ಕಾಫಿ ಕುಡಿಯದೆಯೇ ಹೊರಟಳು.

ರಾಘವ ತೋರಿಸಬೇಕೆಂದಿದ್ದ ದೇವಸ್ಥಾನ ಇದ್ದದ್ದು ಊರಿನ ಮೂಡಣ ಬೆಟ್ಟದ ಬುಡದಲ್ಲಿ. ಚೀನಾದವರು ಕಟ್ಟಿಸಿದ್ದು. ಬೀದಿಗೆ ಒಂದು ಕೆಂಪು ದ್ವಾರ, ಅದರ ಪಕ್ಕದಲ್ಲಿ ಚೀಟಿ ಕೊಡುವ ಕಿರುಕೋಣೆ. ಅಲ್ಲಿ ಕುಳಿತಿದ್ದ ಬಿಳಿತಲೆಯ ಮುದುಕ ಮೂರು ಚೀಟಿ ಹರಿದುಕೊಟ್ಟು ಮೂರು ಸಲ ತಲೆ ಬಾಗಿಸಿದ. ಎದೆಯ ಮೇಲಿನ ಪಟ್ಟಿಯಲ್ಲಿದ್ದ ಹೆಸರನ್ನು ನೇಹಾ ಓದಿ ಹೇಳಿದಳು, ಹಮಾಗುಚಿ ಸಾನ್, ಅಂದರೆ ಹಮಾಗುಚಿಯವರು. ಅಲ್ಲಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕಿರುಚುತ್ತಿದ್ದವು. ರತ್ನಾ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, ಮೆಟ್ಟಿಲು ಕಡಿದವನಿಗೂ, ಈ ಬಿಸಿಲಿಗೂ, ತಿರುಗಾಟದ ಯೋಜನೆ ಹಾಕಿದ ರಾಘವನಿಗೂ ಸೇರಿಸಿ ಬೈಯುತ್ತ ಹತ್ತಿದಳು.

ಮೆಟ್ಟಿಲು ಮುಗಿದಲ್ಲಿ ಎರಡನೇ ದ್ವಾರ. ಅವಳ ಬಾಯಿ ಅಲ್ಲೇ ಮುಚ್ಚಿತು.

ಸೂರಿನ ಕೆಳಗೆ ಮರದ ತೋಳುಗಳು ಒಂದರ ಮೇಲೊಂದು ಕುಳಿತಿದ್ದವು. ಒಂದು ಕಂಬದಿಂದ ಎರಡು ತೋಳು ಹೊರಡುತ್ತವೆ, ಆ ಎರಡರಿಂದ ನಾಲ್ಕು, ನಾಲ್ಕೂ ನೇರಕ್ಕೆ ಹೋಗದೆ ಓರೆಯಾಗಿ ಹಾಯ್ದು ಪಕ್ಕದ ಕಂಬದ ತೋಳುಗಳೊಂದಿಗೆ ಬೆರಳಿಗೆ ಬೆರಳು ಹೆಣೆದುಕೊಳ್ಳುತ್ತವೆ. ಇಡೀ ಚಾವಣಿಯನ್ನು ನೂರಾರು ಜನ ಅಂಗೈ ಮೇಲೆತ್ತಿ ಹಿಡಿದ ಹಾಗಿತ್ತು. ಪ್ರತಿ ತೋಳಿನ ತುದಿಯಲ್ಲಿ ಮೋಡದ ಸುರುಳಿ. ತೊಲೆಯ ಮೇಲೆ ನೀಲಿ, ಹಸಿರು, ಕೇಸರಿ ಬಣ್ಣದಲ್ಲಿ ಬಿಡಿಸಿದ ಹೂ, ದಾಳಿಂಬೆ, ಬಿಚ್ಚಿದ ಓಲೆ. ಬಣ್ಣ ಮಾಸಿತ್ತು, ಆದರೆ ಎಲ್ಲಿಯೂ ಒಂದು ಗೆರೆ ನಡುಗಿರಲಿಲ್ಲ. ಹೊರಗಿನ ಸೂರಿಗೆ ಬಿದಿರಿನ ತೆರೆಯೊಂದನ್ನು ಸುರುಳಿ ಸುತ್ತಿ ಕಟ್ಟಿದ್ದರು.

ಅವಳು ಕತ್ತೆತ್ತಿಕೊಂಡು ಒಂದು ತೋಳು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಂದು ಬೆರಳಿನಲ್ಲಿ ಗಾಳಿಯಲ್ಲೇ ಹಿಂಬಾಲಿಸಿದಳು. ರಂಗೋಲಿಯ ಎಳೆಯನ್ನು ಕಣ್ಣಿನಲ್ಲಿ ಬಿಡಿಸಿ ಕಲಿತವಳು. ಈ ಎಳೆ ಮೂರು ಸಲ ತಪ್ಪಿಹೋಯಿತು.

"ಇದನ್ನ ಹಾಕಿದೋನು ಯಾರೋ, ತಲೆ ಇದ್ದೋನು," ಅಂದಳು. ಅವಳ ಬಾಯಿಂದ ಇಷ್ಟು ಬರುವುದೇ ಅಪರೂಪ.

ನೇಹಾ ಪಕ್ಕದ ಹಲಗೆ ಓದಿದಳು. "ಮುನ್ನೂರು ವರ್ಷಕ್ಕೂ ಜಾಸ್ತಿ ಆಯ್ತಂತೆ ಅತ್ತಿಗೆ. ಇಲ್ಲಿ ವ್ಯಾಪಾರಕ್ಕೆ ಬಂದಿದ್ದ ಚೈನೀಸ್ ಜನ ಕಟ್ಟಿಸಿದ್ದು. ಮರವನ್ನ ಅವರ ಊರಲ್ಲೇ ಕೆತ್ತಿ, ಬಿಡಿಬಿಡಿಯಾಗಿ ಹಡಗಲ್ಲಿ ತಂದು, ಇಲ್ಲಿ ಜೋಡಿಸಿದ್ದಾರೆ."

"ನೋಡು! ಪರದೇಶಕ್ಕೆ ಬಂದರೂ ಬಾಗಿಲು ತಮ್ಮದೇ ತಂದ್ರು. ನೀವಿಬ್ಬರು ಏನು ತಂದ್ರಿ? ಪ್ರೆಶರ್ ಕುಕ್ಕರ್."

ರಾಘವ ನಕ್ಕ. "ಅದೂ ನೀನೇ ಕೊಟ್ಟಿದ್ದು ಕಣಕ್ಕ."

"ಅಯ್ಯೋ, ಅಲ್ಲಿ ನೋಡೇ, ಬಾವಲಿ! ದೇವಸ್ಥಾನದ ಬಾಗಿಲಿಗೆ ಬಾವಲಿ ಬರೆದಿದ್ದಾರಲ್ಲ, ತಲೆ ಸರಿ ಇದೆಯಾ ಇವರಿಗೆ?"

"ಈಗ ತಾನೇ ತಲೆ ಇದ್ದೋರು ಅಂದ್ರಿ," ಅಂದಳು ನೇಹಾ. "ಅವರಿಗೆ ಬಾವಲಿ ಅಂದ್ರೆ ಭಾಗ್ಯ ಅಂತೆ."

"ಹಾಗಾದ್ರೆ ನಮ್ಮೂರ ಅರಳಿಮರದಲ್ಲಿ ಸಾವಿರ ಭಾಗ್ಯ ತಲೆಕೆಳಗಾಗಿ ನೇತಾಡ್ತಾ ಇದೆ, ಬಂದು ತಗೊಂಡು ಹೋಗಲಿ."

ಹೀಗೆ ನಗಾಡುತ್ತಲೇ ಕಣ್ಣು ಕೆಳಗಿಳಿಸಿದಳು. ಅಲ್ಲಿತ್ತು ಹೊಸ್ತಿಲು.

ಮೊಣಕಾಲಿನ ಅರ್ಧಕ್ಕೆ ಬರುವಷ್ಟು ಎತ್ತರ. ಒಂದೇ ಮರದ ತುಂಡು. ಎರಡು ತುದಿಗೆ ಕೆಂಪು ಬಣ್ಣ ಉಳಿದಿತ್ತು. ನಡುವೆ ಬಣ್ಣವೆಲ್ಲ ಸವೆದು, ಬರಿಯ ಮರ, ಅದರ ನಾರುಗಳು ಮುದುಕಿಯ ಮುಂಗೈ ನರದ ಹಾಗೆ ಎದ್ದಿದ್ದವು. ಮುಂದೆ ಹೋದ ರಾಘವ, ನೇಹಾ ಇಬ್ಬರೂ ಅದನ್ನು ತುಳಿಯದೆ ಕಾಲೆತ್ತಿ ದಾಟಿದರು. ಹಿಂದೆ ಬಂದ ಜಪಾನಿ ದಂಪತಿಯೂ ಹಾಗೇ ದಾಟಿದರು. ಇವರಿಗೂ ಗೊತ್ತು, ಎಂದುಕೊಂಡಳು ರತ್ನಾ. ಹೊಸ್ತಿಲು ತುಳಿಯಬಾರದೆಂದು ಇವರಿಗೂ ಯಾವಳೋ ತಾಯಿ ತಲೆಗೆ ಮೊಟಕಿ ಕಲಿಸಿದ್ದಾಳೆ.

"ನೀವು ನಡೀರಿ. ನಾನು ಸ್ವಲ್ಪ ಕೂತು ಬರ್ತೀನಿ," ಅಂದಳು.

ಇಬ್ಬರೂ ಅಂಗಳ ದಾಟಿ ಒಳಗುಡಿಗೆ ಹೋದರು. ದಂಪತಿಯೂ ಹೋದರು. ದ್ವಾರದಲ್ಲಿ ಅವಳೊಬ್ಬಳೇ. ಚಪ್ಪಲಿ ಬಿಟ್ಟಳು. ಕೈಚೀಲದಲ್ಲಿ, ಎಲೆಯಡಿಕೆಯ ಪಕ್ಕದಲ್ಲಿ, ತಾನೇ ಬೀಸಿದ ಅರಿಸಿನದ ಪೊಟ್ಟಣವಿತ್ತು. ಕುಂಕುಮದ ಭರಣಿ ಹೋಟೆಲಿನಲ್ಲೇ ಉಳಿದಿತ್ತು. ಇರಲಿ. ಬಾಟಲಿಯ ನೀರು ಚಿಮುಕಿಸಿ ಸೆರಗಿನ ತುದಿಯಿಂದ ಧೂಳು ಒರೆಸಿದಳು. ಅಂಗೈಯಲ್ಲಿ ಅರಿಸಿನ ಕಲಸಿ, ಮೂರು ಬೆರಳು ಕೂಡಿಸಿ, ಸವೆದ ನಡುಭಾಗಕ್ಕೆ ಒಂದು ಮೊಳ ಉದ್ದಕ್ಕೆ ಒಂದೇ ಎಳೆತದಲ್ಲಿ ಹಚ್ಚಿದಳು. ಒಣಗಿದ ಮರ ಬಾಯಾರಿದ್ದ ಹಾಗೆ ಹೀರಿಕೊಂಡಿತು. ಅಂಗಳದಲ್ಲಿ ಉದುರಿದ್ದ ಎರಡು ಕಣಗಿಲೆ ಹೂವಿಟ್ಟಳು. ಬಗ್ಗಿ ಹಣೆ ಮುಟ್ಟಿಸಿದಳು.

ಏನು ಬೇಡಿಕೊಂಡಳೆಂದರೆ, ಆ ಕಾಗದ ಬರಲಿ ಎಂದು. ಒಳಗಿರುವ ದೇವರು ಯಾರೋ, ಗಂಡೋ ಹೆಣ್ಣೋ ಅವಳಿಗೆ ಗೊತ್ತಿರಲಿಲ್ಲ. ನನ್ನ ತಮ್ಮನನ್ನು ಈ ಊರು ಹೊರಗೆ ಹಾಕದಿರಲಿ. ಅಷ್ಟೇ ಬೇಡಿದ್ದು.

ಕಂಬಕ್ಕೆ ಒಂದು ಬೋರ್ಡು ತಗುಲಿಸಿದ್ದರು. ಜಪಾನಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಎರಡೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಒಳಗೆ ನೋಡುವುದು ಬೇಕಾದಷ್ಟಿತ್ತು. ಮರದಲ್ಲಿ ಕೆತ್ತಿ ತೂಗುಹಾಕಿದ ಆಳುದ್ದದ ಮೀನು; ಊಟದ ಹೊತ್ತಿಗೆ ಅದರ ಹೊಟ್ಟೆಗೆ ಹೊಡೆದು ಸನ್ಯಾಸಿಗಳನ್ನು ಕರೆಯುತ್ತಿದ್ದರಂತೆ. ಎಮ್ಮೆಯೊಂದು ಒಳಗೆ ಮಲಗಬಹುದಾದ ಕಬ್ಬಿಣದ ಕಡಾಯಿ. ಬರಗಾಲದಲ್ಲಿ ಊರಿಗೆಲ್ಲ ಅದರಲ್ಲಿ ಗಂಜಿ ಕಾಯಿಸಿ ಬಡಿಸಿದರಂತೆ. ರತ್ನಾ ಕಡಾಯಿಯ ಅಂಚಿಗೆ ಬಗ್ಗಿ ನೋಡಿ, ಇದನ್ನು ತೊಳೆಯುತ್ತಿದ್ದ ಹೆಂಗಸರ ಗತಿಯೇನು ಎಂದಳು. ಅವಳ ಮನಸ್ಸು ಹಗುರಾಗಿತ್ತು.

ಅರ್ಧ ಗಂಟೆಯ ಮೇಲೆ ಮೂವರೂ ವಾಪಸು ಅಂಗಳಕ್ಕೆ ಬಂದಾಗ ದ್ವಾರದಲ್ಲಿ ಹಮಾಗುಚಿ ಸಾನ್ ಮಂಡಿಯೂರಿ ಕುಳಿತಿದ್ದ. ಹೊಸ್ತಿಲನ್ನು ಮುಟ್ಟದೆ, ಮುಖ ಅದರ ಹತ್ತಿರಕ್ಕೆ ಒಯ್ದು ನೋಡುತ್ತಿದ್ದ. ಕಣಗಿಲೆ ಹೂವುಗಳನ್ನು ಪಕ್ಕಕ್ಕೆ ಇಟ್ಟಿದ್ದ. ಎದ್ದವನೇ ಅವಸರದಿಂದ ಮೆಟ್ಟಿಲಿಳಿದು ಹೋದ.

ರಾಘವ ಹತ್ತಿರ ಹೋಗಿ ಹಳದಿ ಪಟ್ಟಿ ನೋಡಿದ. ಆಮೇಲೆ ಅಕ್ಕನ ಬೆರಳು ನೋಡಿದ. ಅವನ ಮುಖದ ರಕ್ತ ಇಳಿಯಿತು.

"ಅಕ್ಕಾ... ಇದು ನೀನಾ?"

"ನಾನಲ್ಲದೆ ಇನ್ಯಾರು? ಶುಕ್ರವಾರ ಅಲ್ವೇನೋ."

"ಬಾ. ಈ ಕಡೆ ಬಾ. ಮಾತಾಡಬೇಡ."

ಪಕ್ಕದಲ್ಲಿದ್ದ ಸಣ್ಣ ದಾರಿಯಿಂದ ಅವಳ ರಟ್ಟೆ ಹಿಡಿದು ದರದರ ಇಳಿಸಿಕೊಂಡು ಹೋದ. ಅವಳಿಗೆ ಸಿಟ್ಟು ಬಂತು. "ಕೈ ಬಿಡೋ! ಕಳ್ಳರ ಹಾಗೆ ಎಳೀತಾ ಇದ್ದೀಯಲ್ಲ!"

ಕೆಳಗಿನ ಮೆಟ್ಟಿಲ ಬಳಿ, ಒಂದು ಮರದ ನೆರಳಿನಲ್ಲಿ ನಿಂತು, ಅವನು ಹೇಳಿದ. ಆ ದ್ವಾರ ಬರೀ ದೇವಸ್ಥಾನದ್ದಲ್ಲ, ಸರ್ಕಾರ ಕಾಪಾಡಿಕೊಂಡು ಬಂದಿರುವ ಆಸ್ತಿ. ಅದರ ಮೇಲೆ ಉಗುರಿನಲ್ಲಿ ಗೀರಿದರೂ ಕೇಸು. ಟೀವಿಯಲ್ಲಿ ತೋರಿಸುತ್ತಾರೆ. ಪೊಲೀಸರು ಬಂದು ಹೆಸರು, ವಿಳಾಸ ಕೇಳುತ್ತಾರೆ. "ನಮ್ಮ ಅರ್ಜಿ ಅಲ್ಲಿಗೆ ಮುಗೀತು ಅಕ್ಕ. ಹನ್ನೊಂದು ವರ್ಷ. ಪ್ಲೀಸ್. ಯಾರೂ ನೋಡಿಲ್ಲ. ಟ್ಯಾಕ್ಸಿ ಹತ್ತೋಣ."

ಅವಳು ತನ್ನ ಮೂರು ಹಳದಿ ಬೆರಳುಗಳನ್ನು ನೋಡಿಕೊಂಡಳು. ಒಳ್ಳೆಯದಾಗಲಿ ಎಂದು ಹಚ್ಚಿದ್ದು. ಯಾರಿಗೆ ಒಳ್ಳೆಯದಾಗಲಿ ಎಂದು ಹಚ್ಚಿದಳೋ ಅವನೇ ಎದುರಿಗೆ ನಿಂತು ಓಡಿಹೋಗೋಣ ಎನ್ನುತ್ತಿದ್ದ.

"ಆ ಮುದುಕಪ್ಪನ ಕಥೆ?" ಅಂದಳು.

ರಾಘವ ಬೀದಿಯ ಕಡೆ ನೋಡಿದ. ಆಮೇಲೆ ನೇಹಾ ಮೆಲ್ಲಗೆ ಹೇಳಿದಳು. "ಅವರು ಡ್ಯೂಟಿಯಲ್ಲಿದ್ದಾಗ ಆಗಿದ್ದು. ಅವರನ್ನೇ ಕೇಳ್ತಾರೆ."

"ನೇಹಾ, ನೀನು ಸುಮ್ನಿರು," ಅಂದ ರಾಘವ.

ಟ್ಯಾಕ್ಸಿಗೆ ಕೈ ಮಾಡಲು ಅವನು ಬೀದಿಯ ಕಡೆ ಹೊರಟ. ರತ್ನಾ ಹೊರಡುವವಳೇ. ಮುದುಕನ ವಿಚಾರ ಅವಳ ತಲೆಯಿಂದ ಹೋಗಿರಲಿಲ್ಲ. ಆದರೂ ತಮ್ಮನ ಆ ಮುಖ ನೋಡಿದ ಮೇಲೆ ಅದನ್ನು ನುಂಗಿಕೊಂಡು ಹೋಗಲು ಅವಳು ತಯಾರಿದ್ದಳು. ಒಂದು ಕಾಲು ಮುಂದೆ ಇಟ್ಟೂ ಆಗಿತ್ತು. ಆಗ ಕಿರುಕೋಣೆಯಿಂದ ಹಮಾಗುಚಿ ಸಾನ್ ಹೊರಗೆ ಬಂದ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಮೆತ್ತನೆಯ ಬ್ರಷ್ಷು. ಕಂಕುಳಲ್ಲಿ ಮಡಿಸಿದ ಬಟ್ಟೆ. ಬಕೆಟ್ಟಿನ ತುಂಬ ಬಿಳಿ ನೊರೆ. ಇವರನ್ನು ಕಂಡು, ಅಷ್ಟು ಅವಸರದಲ್ಲೂ ತಲೆ ಬಾಗಿಸಿ, ಮೆಟ್ಟಿಲು ಹತ್ತತೊಡಗಿದ.

"ಸೋಪು ಅದು," ಅಂದಳು ರತ್ನಾ.

"ಹೂಂ, ತೊಳೀತಾರೆ. ಹೋಗುತ್ತೆ ಬಿಡು. ಬಾ."

"ಹೋಗಲ್ಲ ಕಣೋ! ಅರಿಸಿನಕ್ಕೆ ಸೋಪು ಬಿದ್ರೆ ರಕ್ತದ ಹಾಗೆ ಕೆಂಪಾಗುತ್ತೆ! ಒಳಗೆ ಇಳಿದು ಕೂತುಬಿಡುತ್ತೆ!"

ಮುದುಕ ಅರ್ಧ ಮೆಟ್ಟಿಲು ಹತ್ತಿದ್ದ. ಅವನೇನು ಬಲ್ಲ? ತನಗೆ ಗೊತ್ತಿದ್ದ ರೀತಿಯಲ್ಲಿ, ತನ್ನ ಪಾಲಿನ ತಪ್ಪನ್ನು ಯಾರಿಗೂ ಹೇಳುವ ಮುಂಚೆ ತೊಳೆದು ಸರಿಮಾಡಲು ಹೊರಟಿದ್ದ. ತೊಳೆದರೆ ಕೆಡುತ್ತದೆ. ಕೆಟ್ಟ ಮೇಲೆ ಕೆಡಿಸಿದವನು ಅವನೇ ಆಗುತ್ತಾನೆ.

ಗಿರಣಿಯ ಮೋಟರಿನ ಮೇಲೆ ಕೂಗುವ ದನಿಯಲ್ಲಿ ರತ್ನಾ ಕೂಗಿದಳು. "ಏಯ್ ಯಜಮಾನ್ರೇ! ಬೇಡ! ಸೋಪು ಬೇಡ!"

ಮುದುಕ ಬೆಚ್ಚಿ ತಿರುಗಿದ. ಏನೂ ಅರ್ಥವಾಗದೆ ಮತ್ತೆ ಮೇಲಕ್ಕೆ ಹೆಜ್ಜೆ ಹಾಕಿದ. ಸೀರೆ ಎತ್ತಿ ಕಟ್ಟಿಕೊಂಡು ಅವಳು ಮೆಟ್ಟಿಲೇರಿದಳು. ಹಿಂದೆ ರಾಘವ "ಅಕ್ಕಾ, ಅಕ್ಕಾ" ಎನ್ನುತ್ತಲೇ ಇದ್ದ. ಮೇಲೆ ತಲುಪುವ ಹೊತ್ತಿಗೆ ಹಮಾಗುಚಿ ಸಾನ್ ಬ್ರಷ್ಷನ್ನು ನೊರೆಯಲ್ಲಿ ಅದ್ದಿದ್ದ. ಅವಳು ಉಸಿರು ಸಿಕ್ಕಿಕೊಂಡೇ ಅವನ ಮಣಿಕಟ್ಟು ಹಿಡಿದಳು. ಇನ್ನೊಂದು ಕೈಯ ಹಳದಿ ಬೆರಳುಗಳನ್ನು ಅವನ ಮುಖದೆದುರು ಹಿಡಿದಳು.

ಮುದುಕ ಬೆರಳು ನೋಡಿದ. ಹೊಸ್ತಿಲು ನೋಡಿದ. ಬ್ರಷ್ಷನ್ನು ಬಕೆಟ್ಟಿಗೆ ಬಿಟ್ಟ.

ನೇಹಾ ಏದುಸಿರು ಬಿಡುತ್ತ ಬಂದಳು. "ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಸೊಂಟ ಮುರಿಯುವ ಹಾಗೆ ಬಗ್ಗಿದಳು.

"ಹೇಳು ಅವರಿಗೆ," ಅಂದಳು ರತ್ನಾ. "ನಾನೇ ಹಚ್ಚಿದ್ದು ಅಂತ. ಇವತ್ತು ಶುಕ್ರವಾರ. ನಮ್ಮಲ್ಲಿ ಹೊಸ್ತಿಲಲ್ಲಿ ಲಕ್ಷ್ಮಿ ಇರ್ತಾಳೆ, ಪೂಜೆ ಮಾಡ್ತೀವಿ. ಈ ಹೊಸ್ತಿಲು ಇಷ್ಟು ಚೆನ್ನಾಗಿದೆ, ಯಾರೂ ಮಾಡಿಲ್ಲವಲ್ಲ ಅಂತ ಮಾಡಿದೆ. ಮುಟ್ಟಬಾರದು ಅಂತ ಗೊತ್ತಿರಲಿಲ್ಲ. ಸೋಪು ಹಾಕಿದ್ರೆ ಕೆಂಪಾಗುತ್ತೆ. ಎಲ್ಲಾ ಹೇಳು."

ನೇಹಾ ಒಂದು ಸಲ ಗಂಡನ ಮುಖ ನೋಡಿ ಹೇಳತೊಡಗಿದಳು. ಅವಳ ಮಾತು ಬಹಳ ಗಿಡ್ಡವಾಗಿತ್ತು. ಅದರ ನಡುವೆ ಚೀಲದ ಕಡೆ ಕೈ ತೋರಿಸಿದಳು, ಕೈಜಾರಿ ಬಿದ್ದ ಹಾಗೆ ಅಭಿನಯಿಸಿದಳು, 'ಕರೀ' ಅಂದಳು.

"ಏನೇ ಅದು ಕರೀ?" ಅಂದಳು ರತ್ನಾ. "ಸಾರಿನ ಪುಡಿ ಚೆಲ್ಲಿಬಿಡ್ತು ಅಂದ್ಯಾ?"

ನೇಹಾ ತಲೆ ತಗ್ಗಿಸಿದಳು. "ಆಕ್ಸಿಡೆಂಟ್ ಅಂದ್ರೆ ಕೇಸ್ ಆಗಲ್ಲ ಅತ್ತಿಗೆ. ಬೇಕಂತ ಮಾಡಿದ್ದು ಅಂದ್ರೆ ಬೇರೆ."

"ಬೇಕಂತಲೇ ಮಾಡಿದ್ದು ಕಣೇ! ಒಂದು ಮೊಳ ಉದ್ದ ಗೆರೆ ಎಳೆದ ಹಾಗೆ ಯಾವ ಸಾರಿನ ಪುಡಿ ಚೆಲ್ಲುತ್ತೆ? ಆ ಮನುಷ್ಯ ಏನು ಕುರುಡನಾ? ಹೂವು ತಾನಾಗೇ ಹಾರಿ ಬಂದು ಕೂತ್ಕೊಂಡಿತಾ? ನಾನು ಹಣೆ ಹಚ್ಚಿ ಕೈ ಮುಗಿದದ್ದನ್ನ ಚೆಲ್ಲಿದ್ದು ಅಂತ ಹೇಳಬೇಡ!"

ಹಮಾಗುಚಿ ಸಾನ್‌ಗೆ ಮಾತು ತಿಳಿಯಲಿಲ್ಲ, ಜಗಳ ತಿಳಿಯಿತು. ಅವನು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದ. ರತ್ನಾ ಅವನಿಗೆ ಮಾಡಿ ತೋರಿಸಿದಳು. ಹೊಸ್ತಿಲ ಮುಂದೆ ಕುಳಿತು, ಮರಕ್ಕೆ ತಾಕಿಸದೆ ಗಾಳಿಯಲ್ಲಿ ಮೂರು ಬೆರಳು ಎಳೆದಳು, ಹೂವಿಟ್ಟ ಹಾಗೆ ಮಾಡಿದಳು, ಕೈ ಮುಗಿದಳು. ಎದ್ದು, ತುಳಿಯದೆ, ಕಾಲೆತ್ತಿ ದಾಟಿದಳು. ಮತ್ತೆ ದಾಟಿ ಈಚೆ ಬಂದು ನಿಂತಳು.

ಈ ಸಲ ನೇಹಾ ಪೂರ್ತಿ ಹೇಳಿದಳು. ಬಹಳ ಹೊತ್ತು ಹೇಳಿದಳು. ಮುದುಕ ಮಧ್ಯೆ ಬಾಯಿ ಹಾಕದೆ ಕೇಳಿದ. ಆಮೇಲೆ ಅವನು ಹೇಳಿದ್ದನ್ನು ನೇಹಾ ಕನ್ನಡಕ್ಕೆ ತಂದಳು.

"ಅವರು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುಡಿಸ್ತಾ ಇದ್ದಾರಂತೆ. ಬಾಂಬ್ ಬಿದ್ದ ದಿನ ಬೆಟ್ಟ ಅಡ್ಡ ಬಂದು ಈ ಬಾಗಿಲು ಉಳೀತಂತೆ. ಊರಿನ ಆ ಕಡೆ ಏನೂ ಉಳೀಲಿಲ್ಲ, ಅವರ ತಾಯಿಯ ಮನೆ ಆ ಕಡೆ ಇತ್ತು. ಎಷ್ಟೋ ಬಿರುಗಾಳಿ ಬಂದು ಹೋಯ್ತು, ಇದು ನಿಂತಿದೆ. ನೀವು ಒಳ್ಳೆ ಮನಸ್ಸಿಂದ ಮಾಡಿದ್ದೀರಿ ಅಂತ ಅವರು ನಂಬ್ತಾರಂತೆ. ಆದ್ರೆ..." ನೇಹಾ ತಡೆದಳು.

"ಹೇಳೇ."

"ಆದ್ರೆ ಅದು ಮರಕ್ಕೆ ಗೊತ್ತಾಗಲ್ಲ, ಅಂತಾರೆ."

ರತ್ನಾಳಿಗೆ ಯಾರಾದರೂ ಒಂದು ಮಾತಂದರೆ ಎರಡು ತಿರುಗಿಸಿ ಹೇಳಿ ಅಭ್ಯಾಸ. ಈಗ ಸೆರಗು ಹೊದ್ದು ತಲೆ ತಗ್ಗಿಸಿದಳು.

ಅವನು ಫೋನು ಮಾಡಿದ. ಮಾಡಲೇಬೇಕಿತ್ತು. ಮುಕ್ಕಾಲು ಗಂಟೆಯಲ್ಲಿ ನಗರಾಡಳಿತದ ಕಚೇರಿಯಿಂದ ಒಬ್ಬ ಹೆಂಗಸು ಬಂದಳು. ಚಿಕ್ಕ ವಯಸ್ಸು, ಬಿಳಿ ಕೈಗವಸು, ಕುತ್ತಿಗೆಗೆ ಕ್ಯಾಮೆರಾ. ದ್ವಾರಕ್ಕೆ ಹಗ್ಗ ಕಟ್ಟಿಸಿದಳು. ಹಳದಿ ಪಟ್ಟಿಯ ಪಕ್ಕ ಅಳತೆಕೋಲು ಇಟ್ಟು ಹತ್ತಾರು ಚಿತ್ರ ತೆಗೆದಳು. ಸೋಪು ತಾಗಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ತಾಗಿಲ್ಲವೆಂದಾಗ ಒಂದು ಉಸಿರು ಬಿಟ್ಟಳು. ಬಯ್ಯಲಿಲ್ಲ, ದನಿ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರತ್ನಾಳಿಗೆ.

"ಈ ಬಣ್ಣ ಹೋಗೋ ದಾರಿ ಏನಾದ್ರೂ ಗೊತ್ತಾ ಅಂತ ಕೇಳ್ತಿದ್ದಾರೆ," ಅಂದಳು ನೇಹಾ.

"ಬಿಸಿಲು," ಅಂದಳು ರತ್ನಾ. "ನೀರೂ ಬೇಡ, ಏನೂ ಬೇಡ. ಸೀರೆಗೆ ಅರಿಸಿನ ಆದ್ರೆ ನಾವು ಬಿಸಿಲಿಗೆ ಹಾಕ್ತೀವಿ. ಬಿಸಿಲೇ ತಿಂದುಕೊಂಡು ಹೋಗುತ್ತೆ. ಮರದ್ದು ಎಷ್ಟು ದಿನಕ್ಕೆ ಹೋಗುತ್ತೋ, ಪೂರ್ತಿ ಹೋಗುತ್ತೋ ಇಲ್ವೋ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೂ ಹೇಳು."

ಆ ಹೆಂಗಸು ಪುಸ್ತಕದಲ್ಲಿ ಏನೋ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದಳು. ತಜ್ಞರು ಸೋಮವಾರ ಬರುತ್ತಾರೆ, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಎಂದಳು. ಆಮೇಲೆ ಒಂದು ವರದಿಯ ಹಾಳೆ ತೆಗೆದಳು.

ರತ್ನಾ ತನ್ನ ಪಾಸ್‌ಪೋರ್ಟ್ ಕೊಟ್ಟಳು. ಹೆಸರು ಬರೆದುಕೊಂಡರು, ಊರು ಬರೆದುಕೊಂಡರು. ಕನ್ನಡದಲ್ಲಿ ದಪ್ಪಗೆ ಸಹಿ ಹಾಕಿದಳು. ಕೆಳಗೆ ಇನ್ನೊಂದು ಜಾಗ ಖಾಲಿ ಇತ್ತು. ಇವರು ಪ್ರವಾಸಿ, ನಾಳೆ ನಾಡಿದ್ದು ಊರಿಗೆ ಹೋಗಿಬಿಡುತ್ತಾರೆ. ಈ ದೇಶದಲ್ಲಿ ಇವರ ಪರವಾಗಿ ಉತ್ತರ ಕೊಡುವವರು ಯಾರು? ಅವರ ಹೆಸರು, ವಿಳಾಸ, ಗುರುತಿನ ಕಾರ್ಡಿನ ಸಂಖ್ಯೆ ಬೇಕು, ಎಂದಳು ಆ ಹೆಂಗಸು.

ರಾಘವ ಐದು ಮಾರು ದೂರದಲ್ಲಿ, ಕಂಬದ ಪಕ್ಕ ನಿಂತಿದ್ದ. ಅವನು ಬರಿಯ ತಮ್ಮನ ಹಾಗೆ ಕಾಣಲಿಲ್ಲ ಅವಳಿಗೆ. ಕಾಯಿಲೆ ಬಿದ್ದಾಗ ಕಣ್ಣು ಬಿಟ್ಟುಕೊಂಡು ಮಾತಾಡದೆ ಮಲಗುತ್ತಿದ್ದನಲ್ಲ, ಆ ಮಗುವಿನ ಹಾಗೆ ಕಂಡ.

"ಯಾರೂ ಇಲ್ಲ ಅಂತ ಹೇಳು," ಅಂದಳು ರತ್ನಾ, ಅವನ ಕಡೆ ನೋಡದೆ. "ಟೂರಿಸ್ಟ್ ಬಸ್ಸಲ್ಲಿ ಒಬ್ಬಳೇ ಬಂದೆ ಅನ್ನು. ನೀವಿಬ್ಬರೂ ದಾರಿಯಲ್ಲಿ ಸಿಕ್ಕಿದೋರು, ಭಾಷೆ ಬರುತ್ತೆ ಅಂತ ಸಹಾಯ ಮಾಡಿದ್ರಿ. ನನಗೂ ನಿಮಗೂ ಏನೂ ಸಂಬಂಧ ಇಲ್ಲ."

ನೇಹಾ ಅವಳನ್ನೇ ನೋಡಿದಳು. "ಅತ್ತಿಗೆ, ಈಗ ತಾನೇ ಒಂದು ಚಿಕ್ಕ ಸುಳ್ಳಿಗೆ ನನ್ನ ಮರ್ಯಾದೆ ತೆಗೆದ್ರಿ."

"ಅದು ನನ್ನ ವಿಷಯ. ಇದು ಅವನದ್ದು. ಹೇಳೇ, ಬಾಯಿ ಬಿಡು."

ನೇಹಾ ಗಂಡನ ಕಡೆ ನೋಡಿದಳು. ಕಚೇರಿಯ ಹೆಂಗಸು ಪೆನ್ನು ಹಿಡಿದು ಕಾಯುತ್ತಿದ್ದಳು. ರತ್ನಾ ಗದರಿದಳು. "ನೇಹಾ! ಹೇಳ್ತೀಯೋ ಇಲ್ವೋ?"

ರಾಘವ ಕಂಬ ಬಿಟ್ಟು ಬಂದ. ಪರ್ಸಿನಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು, ಇಲ್ಲಿಯವರು ಕೊಡುವ ಹಾಗೆ ಬಗ್ಗಿ ಕೊಟ್ಟ. ಪೆನ್ನು ತೆಗೆದುಕೊಂಡು ಮಂಡಿಯೂರಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದ. ಹೆಸರು ಬರೆದ. ಹಿರೋಷಿಮಾದ ವಿಳಾಸ ಬರೆದ. ಕಂಪನಿಯ ಹೆಸರು ಬರೆದ.

"ಬೇಡ ಕಣೋ ರಾಘು," ಅಂದಳು ಅವಳು. "ಅಲ್ಲಿ ಬರೆದದ್ದು ಅಳಿಸಕ್ಕಾಗಲ್ಲ."

"ಗೊತ್ತು ಅಕ್ಕ."

"ಮಾರ್ಚಿಗೆ ಏನು ಮಾಡ್ತೀಯ?"

"ಗೊತ್ತಿಲ್ಲ." ಸಂಬಂಧವೇನು ಎಂದು ಕೇಳಿದ್ದ ಜಾಗದಲ್ಲಿ, ಜಪಾನಿಯಲ್ಲಿ 'ಅಕ್ಕ' ಎನ್ನುವ ಒಂದೇ ಅಕ್ಷರ ಬರೆದು, ಹಾಳೆ ತಿರುಗಿಸಿ ಕೊಟ್ಟ. "ಆಗ ನಿನ್ನ ಕೈ ಹಿಡಿದು ಓಡಿಸಿಕೊಂಡು ಹೋದೆನಲ್ಲ, ಅದು ಸಾಕು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಕಚೇರಿಯ ಹೆಂಗಸು ಕಾರ್ಡಿನ ಚಿತ್ರ ತೆಗೆದುಕೊಂಡಳು. ವರದಿ ಮೇಲಿನವರಿಗೆ ಹೋಗುತ್ತದೆ, ಆಮೇಲೆ ಏನಾಗುತ್ತದೆಂದು ತಾನು ಹೇಳಲಾರೆ, ತಿಳಿಸುತ್ತೇವೆ ಎಂದಳು. ಬಗ್ಗಿದಳು. ಹೋದಳು.

ಮೂರು ಗಂಟೆ ದಾಟಿತ್ತು. ಆ ದ್ವಾರ ಪಡುವಣಕ್ಕೆ ಮುಖ ಮಾಡಿ ನಿಂತದ್ದು. ಸೂರ್ಯ ಆ ಕಡೆಗೆ ವಾಲುತ್ತಿದ್ದ ಹಾಗೆ ಹಮಾಗುಚಿ ಸಾನ್ ಬಂದು, ಸೂರಿಗೆ ಕಟ್ಟಿದ್ದ ಬಿದಿರಿನ ತೆರೆಯ ದಾರ ಬಿಚ್ಚಿ ಕೆಳಗಿಳಿಸತೊಡಗಿದ. ಸಂಜೆಯ ಬಿಸಿಲಿಗೆ ತೊಲೆಯ ಬಣ್ಣ ಹಾಳಾಗದಿರಲೆಂದು ದಿನವೂ ಇಳಿಸುವುದಂತೆ. ತೆರೆ ಮೋಡದ ಸುರುಳಿಗಳನ್ನು ಮುಚ್ಚಿತು, ಬಾವಲಿಗಳನ್ನು ಮುಚ್ಚಿತು, ಕಂಬಗಳ ಅರ್ಧಕ್ಕೆ ಬಂತು. ಅಲ್ಲಿ ಅವನ ಕೈ ನಿಂತಿತು. ಬಗ್ಗಿ, ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿದ. ಇನ್ನೊಂದು ಗೇಣು ಇಳಿಸಿ, ಮತ್ತೆ ಎರಡು ಬೆರಳು ಮೇಲೆತ್ತಿ, ದಾರವನ್ನು ಅಲ್ಲಿಗೇ ಗಂಟು ಹಾಕಿದ.

ತೆರೆಯ ಕೆಳಗಿಂದ ಬಿಸಿಲಿನ ಒಂದು ಪಟ್ಟಿ ಒಳಗೆ ಬಂತು. ಬಣ್ಣದ ಕೆಲಸ ಯಾವುದಕ್ಕೂ ತಾಗದೆ, ಹೊಸ್ತಿಲ ಮೇಲೆ ಮಾತ್ರ ಬಿತ್ತು.

ಅವನು ರತ್ನಾಳ ಕಡೆ ನೋಡಿ ಏನೋ ಹೇಳಿದ.

"ಮುಟ್ಟಬಾರದು ಅಂದಿದ್ದಾರೆ, ತೆರೆ ಎಷ್ಟು ಇಳಿಸಬೇಕು ಅಂತ ಅಂದಿಲ್ಲ, ಅದು ನನ್ನ ಕೆಲಸ, ಅಂತಿದ್ದಾರೆ," ಅಂದಳು ನೇಹಾ. "ದಿನಾ ಹೀಗೇ ಇಳಿಸ್ತಾರಂತೆ."

ರತ್ನಾ ಅವನಿಗೆ ಕೈ ಮುಗಿದಳು. ಅವನು ತಲೆ ಬಾಗಿಸಿದ, ನಗಲಿಲ್ಲ. ಕಿರುಕೋಣೆಗೆ ಇಳಿದು ಹೋದ.

"ನಾಲ್ಕೂವರೆಗೆ ಟ್ರೈನು," ಅಂದಳು ನೇಹಾ.

"ನೀವು ಹೋಗಿ," ಅಂದಳು ರತ್ನಾ. ಹಗ್ಗದ ಈಚೆ, ಕಲ್ಲಿನ ಮೆಟ್ಟಿಲ ಮೇಲೆ, ಬರಿಗಾಲಿನಲ್ಲಿ ಕುಳಿತಳು. "ಬಿಸಿಲು ಇರೋವರೆಗೆ ನಾನು ಇಲ್ಲೇ."

ರಾಘವ ಬಂದು ಪಕ್ಕದಲ್ಲಿ ಕುಳಿತ. ಫೋನು ತೆಗೆದು ರಾತ್ರಿಯ ಕೊನೆಯ ಟ್ರೈನು ಹುಡುಕಿದ. ನೇಹಾ ಇನ್ನೊಂದು ಪಕ್ಕದಲ್ಲಿ ಕುಳಿತು, ನೀರಿನ ಬಾಟಲಿ ಅತ್ತಿಗೆಯ ಕೈಗಿಟ್ಟಳು. ಬೆಳಿಗ್ಗೆಯಿಂದ ಏನನ್ನೂ ಕುಡಿಯದ ರತ್ನಾ ಬಾಟಲಿ ಎತ್ತಿ ಗಟಗಟನೆ ಕುಡಿದಳು. ಮೂವರೂ ಹೊಸ್ತಿಲನ್ನೇ ನೋಡುತ್ತ ಕುಳಿತರು. ಅರಿಸಿನ ಇನ್ನೂ ಹಸಿ ಹಳದಿಯಾಗಿಯೇ ಇತ್ತು.